ರಾಯಪ್ಪ ಟೈಲರ್ ಹೇಳಿದ ಬುಧವಾರ

ಟೈಲರ್ ರಾಯಪ್ಪನಿಗೆ "ಆಗೋದಿಲ್ಲ" ಎಂದು ಹೇಳಲು ಬರುತ್ತಿರಲಿಲ್ಲ. ಕಣ್ಣಳತೆಯಲ್ಲೇ ಬ್ಲೌಸ್ ಕತ್ತರಿಸಲು ಬರುತ್ತಿತ್ತು. ಚರ್ಚಿನಲ್ಲಿ ಹೇಳುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಪ್ರಾರ್ಥನೆಯೂ ಪುಸ್ತಕ ನೋಡದೆ ಬರುತ್ತಿತ್ತು. ಆ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿದು, ಅದರ ಬದಲಿಗೆ "ನಾಳೆ ಬರ್ರಿ" ಎಂಬುದು ಹೊರಗೆ ಬರುತ್ತಿತ್ತು.

ಮನೆ ಹರಿಹರದಲ್ಲಿ, ಅಂಗಡಿ ದಾವಣಗೆರೆಯ ವಿದ್ಯಾನಗರದಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಪಕ್ಕ. ಇಪ್ಪತ್ತೆರಡು ವರ್ಷದಿಂದ ಅವನು ಬೆಳಗಿನ ಬಸ್ಸಿನಲ್ಲಿ ಬಂದು ಷಟರ್ ಎತ್ತಿ, ಮರಿಯ ಮಾತೆಯ ಪಟಕ್ಕೆ ಊದುಬತ್ತಿ ಹಚ್ಚಿ, ಸುಳ್ಳು ಹೇಳಲು ಕೂರುತ್ತಿದ್ದ. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ರಾಯಪ್ಪ ಸೋಮವಾರ ಅಂದರೆ ಶುಕ್ರವಾರ ಎಂದು ಗಿರಾಕಿಗಳಿಗೆ ಗೊತ್ತಿತ್ತು. ಹಾಗಾಗಿ ಅವರೂ ಇಪ್ಪತ್ತನೇ ತಾರೀಕಿನ ಮದುವೆಯನ್ನು ಹತ್ತಕ್ಕೆ ಎನ್ನುತ್ತಿದ್ದರು. ಅದು ರಾಯಪ್ಪನಿಗೂ ಗೊತ್ತಿತ್ತು. ಎರಡೂ ಕಡೆಯ ಸುಳ್ಳು ನಡುದಾರಿಯಲ್ಲಿ ಎದುರಾಗಿ, ಬಟ್ಟೆ ಸರಿಯಾದ ಹೊತ್ತಿಗೆ ಸಿಗುತ್ತಿತ್ತು.

ಅಷ್ಟಾದರೂ ಬಟ್ಟೆ ಸಿಗದವರಿಗಾಗಿ ಅಂಗಡಿಯ ಹಿಂಭಾಗದಲ್ಲಿ ಒಂದು ಹಸಿರು ಪರದೆ ಇತ್ತು. ಹೊರಗೆ ಗುರುತಿನ ಸ್ಕೂಟರ್ ನಿಂತರೆ ರಾಯಪ್ಪ ಅದರ ಹಿಂದಕ್ಕೆ ಹೋಗುತ್ತಿದ್ದ. ಹೆಮ್ಮಿಂಗ್ ಮಾಡುವ ಖತೀಜಾಬೀ ಸೂಜಿಯಿಂದ ಕಣ್ಣೆತ್ತದೆ, "ಮಾಸ್ಟ್ರು ಈಗಷ್ಟೇ ಹೋದ್ರು, ಹುಕ್ಕು ಒಂದು ಬಾಕಿ ಐತೆ" ಅನ್ನುತ್ತಿದ್ದಳು. ಆ ಬಟ್ಟೆಗೆ ಇನ್ನೂ ಕತ್ತರಿ ಕೂಡ ತಾಗಿರುತ್ತಿರಲಿಲ್ಲ.

ರಾಯಪ್ಪನ ಹೆಂಡತಿ ಲೂರ್ದಮ್ಮ ಹನ್ನೊಂದು ವರ್ಷದಿಂದ ತನ್ನ ಬ್ಲೌಸುಗಳನ್ನು ಹರಿಹರದ ಮಸ್ತಾನಸಾಬನ ಹತ್ತಿರ ಹೊಲಿಸುತ್ತಿದ್ದಳು. ಗಂಡನಿಗೆ ಕೊಟ್ಟ ಕೊನೆಯ ಬಟ್ಟೆ ದೊಡ್ಡ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಹಬ್ಬಕ್ಕಾಗಿ. ಆ ಮಗಳು ಈಗ ನರ್ಸಿಂಗ್ ಓದುತ್ತಿದ್ದಳು.

ರಾಯಪ್ಪ ವರ್ಷಕ್ಕೆ ಎರಡು ಸಲ ಪಾಪನಿವೇದನೆ ಮಾಡುತ್ತಿದ್ದ. ಹಳೆಯ ಫಾದರ್ ಪ್ರಾಯಶ್ಚಿತ್ತಕ್ಕೆ ಐದು ನಮೋ ಮರಿಯಾ ಜಪ ಹೇಳಲು ತಿಳಿಸುತ್ತಿದ್ದರು. ರಾಯಪ್ಪ ಅದನ್ನು ಮರುದಿನದ ಬಸ್ಸಿನಲ್ಲಿ ಮುಗಿಸಿ, ವಿದ್ಯಾನಗರದಲ್ಲಿ ಇಳಿದು ಹೊಸದಾಗಿ ಶುರು ಮಾಡುತ್ತಿದ್ದ. ಈ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಹಿಂದಿನ ದಿನ, ನಿವೇದನೆ ಕೇಳಲು ಹೊಸ ಫಾದರ್ ಅರುಳಪ್ಪ ಕೂತಿದ್ದರು.

"ಎಷ್ಟು ಸುಳ್ಳು?" ಅಂದರು ಅವರು.

"ದಿನಕ್ಕೆ ಒಂದು ಮೂವತ್ತು, ಫಾದರ್. ಮದುವೆ ಸೀಸನ್ನಾಗೆ ಲೆಕ್ಕ ಸಿಗಲ್ಲ."

"ಸರಿ. ಪ್ರಾರ್ಥನೆ ಏನೂ ಬೇಡ. ಈಸ್ಟರ್‌ವರೆಗೆ ನಿಜವಾದ ದಿನ ಹೇಳು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಯೇಸುಸ್ವಾಮಿ ಹೇಳಿದ್ದು ಕೇಳೋದಕ್ಕಲ್ಲ, ಮಾಡೋದಕ್ಕೆ."

ರಾಯಪ್ಪ ಬೆವೆತ. "ಪ್ರಾರ್ಥನೇನೇ ಜಾಸ್ತಿ ಕೊಡ್ರಿ ಫಾದರ್. ಐವತ್ತು ಕೊಡ್ರಿ. ಮೊಣಕಾಲ ಮ್ಯಾಲೆ ಹೇಳ್ತೀನಿ."

"ನಿನ್ನ ಭಕ್ತಿ ಬರೀ ಕಚ್ಚಾ ಹೊಲಿಗೆ ರಾಯಪ್ಪ. ಮೇಲೆ ಮಷಿನ್ನೇ ಓಡಿಸಿಲ್ಲ. ಒಂದು ಸಲ ತೋಳೆತ್ತಿದ್ರೆ ಬಿಟ್ಟುಕೊಳ್ತದೆ."

ಸೂಜಿಗೆ ದಾರ ಪೋಣಿಸಲೂ ಬಾರದ ಮನುಷ್ಯನ ಬಾಯಲ್ಲಿ ಹೊಲಿಗೆಯ ಮಾತು ಇಷ್ಟು ಸರಿಯಾಗಿ ಬಂದದ್ದು ರಾಯಪ್ಪನಿಗೆ ಚುಚ್ಚಿತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ಹೇಳಿದಂತೆ ಮಾಡದಿದ್ದರೆ ಇಪ್ಪತ್ತೆರಡು ವರ್ಷದ ಭಕ್ತಿಯೆಲ್ಲ ಕಚ್ಚಾ ಎಂದಾಗುತ್ತದೆ. ಮಾಡಿದರೆ ಅಂಗಡಿ ಉಳಿಯುವುದಿಲ್ಲ.

ಮನೆಯಲ್ಲಿ ಹೇಳಿದಾಗ ಲೂರ್ದಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಮೂರು ದಿನ" ಅಂದಳು.

"ಏನು ಮೂರು ದಿನ?"

"ನಿಮ್ಮ ಸತ್ಯ. ಶನಿವಾರದ ಹೊತ್ತಿಗೆ ಪರದೆ ಹಿಂದೆ ಇರ್ತೀರಿ."

ಮರುದಿನ, ವಿಭೂತಿ ಬುಧವಾರ, ಹಣೆಯ ಮೇಲೆ ಬೂದಿಯ ಶಿಲುಬೆ ಹೊತ್ತು ರಾಯಪ್ಪ ಅಂಗಡಿಗೆ ಬಂದ. ಮಾರನೇ ದಿನದಿಂದ ರಂಜಾನ್ ಉಪವಾಸ. ವಿಷಯ ಕೇಳಿ ಖತೀಜಾಬೀ ಆಕಾಶ ನೋಡಿ ಕೈ ಎತ್ತಿದಳು. "ಉಪವಾಸ ಇದ್ದು ಸುಳ್ಳು ಹೇಳಿದ್ರೆ ಬರೀ ಹಸಿವು ಉಳೀತದೆ ಮಾಸ್ಟ್ರೆ. ನಿಮ್ಮ ಹುಕ್ಕಿನ ದೆಸೆಯಿಂದ ನಾನು ಎಷ್ಟು ವರ್ಷ ಪುಕ್ಕಟೆ ಹಸಿದೀನೋ ಏನೋ."

ಮೊದಲ ಪರೀಕ್ಷೆ ಲೇಡೀಸ್ ಹಾಸ್ಟೆಲಿನ ವಾರ್ಡನ್ ರೂಪದಲ್ಲಿ ಬಂತು. ನಲವತ್ತು ಚೂಡಿದಾರ್, ಹತ್ತು ದಿನದಲ್ಲಿ. ರಾಯಪ್ಪ ಒಮ್ಮೆ ಮಾತೆಯ ಪಟ ನೋಡಿದ, ಒಮ್ಮೆ ಪರದೆ ನೋಡಿದ.

"ಆಗೋದಿಲ್ಲ ಮೇಡಂ."

ಖತೀಜಾಬೀ ಸೂಜಿ ಕೆಳಗಿಟ್ಟಳು. ವಾರ್ಡನ್‌ಗೆ ಕೇಳಿದ್ದು ನಂಬಿಕೆಯಾಗಲಿಲ್ಲ. "ಆಗೋದಿಲ್ಲ ಅಂದ್ರೆ? ಹನ್ನೆರಡು ದಿನ ತಗೊಳ್ರಿ."

"ಒಂದು ತಿಂಗಳು ಬೇಕ್ರಿ."

"ಹಿಂಗೆ ಮುಖಕ್ಕೆ ಹೊಡೆದಂಗೆ ಹೇಳ್ತಾರೇನ್ರಿ? ಒಂದು ಮರ್ಯಾದೆ ಬ್ಯಾಡವಾ?" ಎಂದು ವಾರ್ಡನ್ ಎದುರು ಸಾಲಿನ ಟೈಲರ್ ಹತ್ತಿರ ಹೋದರು. ಅವನು ಎಂಟು ದಿನ ಸಾಕು ಅಂದ. ಮರ್ಯಾದಸ್ಥ.

ಆಮೇಲೆ ರೂಪಶ್ರೀ. ಅದೇ ಹಾಸ್ಟೆಲಿನ ಹುಡುಗಿ, ಕಾಲೇಜ್ ಡೇಗೆ ಕುರ್ತಾ ಕೊಟ್ಟಿದ್ದಳು. ಮಂಗಳವಾರ ಸಂಜೆ ಐದಕ್ಕೆ ಅಂದಿದ್ದ. ಐದಕ್ಕೆ ಇಸ್ತ್ರಿ ಮಾಡಿ ಮಡಚಿಟ್ಟ. ಹುಡುಗಿ ಬಂದದ್ದು ಶನಿವಾರ.

"ಅಂಕಲ್, ಗುರುವಾರವೇ ಫಂಕ್ಷನ್ ಮುಗೀತು! ಹಳೇ ಡ್ರೆಸ್ಸಲ್ಲಿ ಹೋದೆ!"

"ಮಂಗಳವಾರ ಅಂದಿದ್ನಲ್ಲಮ್ಮ."

"ನೀವು ಮಂಗಳವಾರ ಅಂದ್ರೆ ಮಂಗಳವಾರ ಅಂತ ನನಗೆ ಹೆಂಗೆ ಗೊತ್ತಾಗಬೇಕು? ಮೊದಲೇ ಹೇಳಬಾರ್ದಾ?" ಅವಳ ಕಣ್ಣಲ್ಲಿ ನೀರಿತ್ತು. ರಾಯಪ್ಪ ಕ್ಷಮೆ ಕೇಳಿದ. ಯಾವುದಕ್ಕೆ ಕೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

ಹೀಗೇ ನಡೆಯಿತು. ನಿಜವಾದ ದಿನ ಕೇಳಿ ಕೆಲವರು ಬಟ್ಟೆ ವಾಪಸ್ ಒಯ್ದರು. ಒಬ್ಬಾಕೆ, "ನಿಮಗೆ ಆರಾಮಿಲ್ಲೇನ್ರಿ?" ಎಂದು ಅಳತೆ ಬ್ಲೌಸನ್ನೂ ಎತ್ತಿಕೊಂಡು ಹೋದಳು. ಗಿರಾಕಿ ಇಳಿದಂತೆ ಬಂದ ಕೆಲಸ ಹೇಳಿದ ದಿನಕ್ಕೆ ಮುಗಿಯತೊಡಗಿತು. ಸ್ಕೂಟರ್ ನಿಂತರೆ ರಾಯಪ್ಪ ಕುರ್ಚಿಯಲ್ಲೇ ಇದ್ದ. ಒಂದು ದಿನ ಖತೀಜಾಬೀ ಪರದೆ ಒಗೆದು ಹಾಕಿದಾಗ ಅದು ಹಸಿರಲ್ಲ, ನೀಲಿ ಎಂದು ಇಬ್ಬರಿಗೂ ಗೊತ್ತಾಯಿತು. ಬಸ್ಸಿನಲ್ಲಿ ಪ್ರಾರ್ಥನೆಗೆ ಕೂತರೆ ಕ್ಷಮಿಸು ಎನ್ನಲು ಏನೂ ನೆನಪಾಗುತ್ತಿರಲಿಲ್ಲ. ರಾಯಪ್ಪನಿಗೆ ಗಾಬರಿಯಾಯಿತು. ಆಮೇಲೆ ಕಿಟಕಿಯಾಚೆ ನೋಡುತ್ತ, "ಇವತ್ತೂ ಬಾಯಿ ನೆಟ್ಟಗಿರ್ಲಪ್ಪಾ" ಎಂದಷ್ಟೇ ಕೇಳತೊಡಗಿದ. ಐದು ನಮೋ ಮರಿಯಾಕ್ಕಿಂತ ಇದು ಕಷ್ಟದ ಪ್ರಾರ್ಥನೆ, ದಿನಾ ಹೊಸದಾಗಿ ಬೇಕಾಗುತ್ತಿತ್ತು.

ಲೂರ್ದಮ್ಮ ಹೇಳಿದ ಮೂರು ದಿನ ಮುಗಿದು ಮೂರು ವಾರವಾಯಿತು. ಊಟಕ್ಕೆ ಬಡಿಸುವಾಗ ಗಂಡನ ಮುಖವನ್ನು ಹೊಸ ಬಾಡಿಗೆದಾರನನ್ನು ನೋಡುವಂತೆ ನೋಡುತ್ತಿದ್ದಳು.

ಆಗ ಆನಗೋಡಿನಿಂದ ಮರುಳಸಿದ್ದಮ್ಮ ಬಂದರು. ಜಮೀನುದಾರ ಶಿವಯೋಗಪ್ಪನವರ ಹೆಂಡತಿ, ಹದಿನೈದು ವರ್ಷದ ಗಿರಾಕಿ. ಮಗಳು ರಶ್ಮಿತಾಳ ಮದುವೆಗೆ ಹದಿನಾರು ಬ್ಲೌಸು. ಈ ಕೆಲಸ ಕೈಬಿಟ್ಟರೆ ಷಟರ್ ಇಳಿಸಿ ಹರಿಹರದಲ್ಲೇ ಕೂರಬೇಕಾಗುತ್ತಿತ್ತು.

"ಯಾವತ್ತು ಮದುವೆ ಅಮ್ಮಾರೆ? ನಿಜ ಹೇಳ್ರಿ."

ಮರುಳಸಿದ್ದಮ್ಮ ತಬ್ಬಿಬ್ಬಾದರು. ಟೈಲರ್ ಹೀಗೆ ಕೇಳುವುದು ಪದ್ಧತಿಯಲ್ಲ. "ಐದನೇ ತಾರೀಕು, ಭಾನುವಾರ" ಎಂದು ಬಾಯಿತಪ್ಪಿ ನಿಜವೇ ಬಂತು.

"ಅವತ್ತೇ ನಮ್ಮ ಈಸ್ಟರ್. ಒಂದನೇ ತಾರೀಕು ಬುಧವಾರ ಹತ್ತು ಗಂಟೆಗೆ ಹದಿನಾರೂ ಕೊಡ್ತೀನಿ. ಗುರುವಾರ ಮಧ್ಯಾಹ್ನದಿಂದ ಭಾನುವಾರದತನಕ ಅಂಗಡಿ ತೆಗೆಯಲ್ಲ. ತೆಗೆಯೋದೇ ಇಲ್ಲ ಅಮ್ಮಾರೆ."

"ಆಯ್ತಪ್ಪ" ಅಂದರು ಅವರು. ಕಾರಿನಲ್ಲಿ ಕೂತ ಮೇಲೆ ಗಂಡನಿಗೆ ಹೇಳಿದರು, "ಬುಧವಾರ ಅಂತಾನೆ. ಶನಿವಾರ ಕೊಡ್ತಾನೆ. ಒಂದು ದಿನ ಮೊದ್ಲೇ ಇರ್ಲಿ, ಶುಕ್ರವಾರ ಹೋಗಿ ತಲೆ ಮ್ಯಾಲೆ ಕೂತ್ಕೊಳ್ಳಾಣ."

ಬುಧವಾರ ಹತ್ತಕ್ಕೆ ಹದಿನಾರು ಬ್ಲೌಸು ಕವರಿನಲ್ಲಿದ್ದವು. ಹನ್ನೊಂದಾಯಿತು, ಸಂಜೆಯಾಯಿತು. ರಾಯಪ್ಪ ನಾಲ್ಕು ಸಲ ಫೋನ್ ಮಾಡಿದ. ಮದುವೆ ಮನೆಯಲ್ಲಿ ಯಾರು ಎತ್ತುತ್ತಾರೆ? ಎತ್ತಿದ ಯಾರೋ, "ಟೈಲರ್ರಂತೆ, ಇನ್ನೂ ಟೈಮ್ ಬೇಕಂತೆ ಅನ್ಸುತ್ತೆ" ಎಂದು ಒಳಗೆ ಕೂಗಿ ಇಟ್ಟುಬಿಟ್ಟರು. ಗುರುವಾರ ಮಧ್ಯಾಹ್ನ ಬೀಗ ಹಾಕಿ ಅವನು ಹರಿಹರಕ್ಕೆ ಹೋದ.

ಶುಕ್ರವಾರ, ಅಂದರೆ ಗುಡ್ ಫ್ರೈಡೇ ಬೆಳಿಗ್ಗೆ, ಹರಿಹರದ ಚರ್ಚಿನ ಅಂಗಳದಲ್ಲಿ ಶಿಲುಬೆ ಹಾದಿ ನಡೆದಿತ್ತು. ಜನ ಯೇಸು ಶಿಲುಬೆ ಹೊತ್ತ ಕಥೆಯ ಒಂದೊಂದು ಸ್ಥಳದ ಪಟದ ಮುಂದೆ ಮಂಡಿಯೂರಿ, ಎದ್ದು, ಮುಂದಕ್ಕೆ ಹೋಗುತ್ತಿದ್ದರು. ಮೂರನೇ ಸ್ಥಳದ ಹೊತ್ತಿಗೆ ಗೇಟಿನ ಹೊರಗೆ ಕಾರು ನಿಂತಿತು. ಮರುಳಸಿದ್ದಮ್ಮ ಚಪ್ಪಲಿ ಬಿಟ್ಟು, ತಲೆ ಮೇಲೆ ಸೆರಗು ಹೊದ್ದು, ಎಲ್ಲರೂ ಮಂಡಿಯೂರಿದಾಗ ತಾನು ನಿಲ್ಲುವುದು ಸರಿಯಲ್ಲವೆಂದು ರಾಯಪ್ಪನ ಪಕ್ಕದಲ್ಲೇ ಮಂಡಿಯೂರಿದರು.

"ಅಂಗಡಿ ಬೀಗ ಹಾಕೈತಲ್ಲೋ" ಎಂದು ಪಿಸುಗುಟ್ಟಿದರು.

"ಹಾಕಿರ್ತೀನಿ ಅಂದಿದ್ನಲ್ಲ ಅಮ್ಮಾರೆ."

"ಹಂಗಂದ್ರೆ ನಿಜವಾಗ್ಲೂ ಹಾಕ್ತಾರೇನೋ?"

ನಾಲ್ಕನೆಯದು ಮಗ ತಾಯಿಯನ್ನು ಕಾಣುವ ಸ್ಥಳ. ಫಾದರ್ ಓದಿದ್ದು ಕೇಳಿ ಮರುಳಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಹೆತ್ತ ಕರುಳು" ಎಂದರು. ಎದ್ದು ಐದನೆಯದಕ್ಕೆ ನಡೆಯುವಾಗ, "ನಾನೂ ತಾಯಿನೇ ರಾಯಪ್ಪ" ಅಂದರು.

"ಇಲ್ಲ ಅಂದದ್ದು ಇಲ್ಲ ಅಮ್ಮಾರೆ. ನಲವತ್ತು ದಿನದ ಹರಕೆ."

ಹಿಂದಿನಿಂದ ಲೂರ್ದಮ್ಮ ಬಾಗಿದಳು. "ಇಷ್ಟು ವರ್ಷ ನನಗೆ ನಾಳೆ ಅಂದ್ರು ಅಕ್ಕಾರೆ. ನಿಮಗೆ ನಿಜ ಹೇಳಿದ್ರೆ ನೀವು ನಂಬಲಿಲ್ಲ."

ಏಳು, ಎಂಟು. ಮರುಳಸಿದ್ದಮ್ಮನ ಮಂಡಿ ಸವೆದವು, ಪಟ್ಟು ಸವೆಯಲಿಲ್ಲ. ಒಂಬತ್ತನೆಯದರಲ್ಲಿ ಯೇಸು ಮೂರನೇ ಸಲ ಬಿದ್ದರು. ರಾಯಪ್ಪ ಬಿದ್ದದ್ದು ಹತ್ತನೆಯದರಲ್ಲಿ.

"ನಾನು ಅಂಗಡಿ ತೆಗೆಯಲ್ಲ ಅಂದೀನಿ, ತೆಗೆಯಲ್ಲ" ಎಂದು ಜೇಬಿನಿಂದ ಬೀಗದ ಕೈ ತೆಗೆದ. "ನೀವು ತಕ್ಕೊಳ್ರಿ. ಮೇಲಿನ ಹಲಗೆ, ಕವರ್ ಮ್ಯಾಲೆ ಹೆಸರೈತೆ. ಕೀ ಜೆರಾಕ್ಸ್ ಅಂಗಡೀಲಿ ಕೊಡ್ರಿ."

ಮಾತೂ ಉಳಿಯಿತು, ಮದುವೆಯೂ ಉಳಿಯಿತು ಎಂದು ಅವನು ಉಳಿದ ನಾಲ್ಕು ಸ್ಥಳಗಳನ್ನು ಹಗುರವಾಗಿ ಮುಗಿಸಿದ.

ಸೋಮವಾರ ಅಂಗಡಿಗೆ ಬಂದಾಗ ಖತೀಜಾಬೀ ಗಲ್ಲಕ್ಕೆ ಕೈ ಹಚ್ಚಿ ಕೂತಿದ್ದಳು. ಹಲಗೆಗಳು ಖಾಲಿ.

ನಡೆದದ್ದನ್ನು ಜೆರಾಕ್ಸ್ ಅಂಗಡಿಯವನು ಹೇಳಿದ. ಷಟರ್ ಎತ್ತಿದ್ದು ಕಂಡು ಹಾಸ್ಟೆಲ್ ಹುಡುಗಿಯರು, ಓಣಿಯ ಹೆಂಗಸರು ಬಂದರು. ಮರುಳಸಿದ್ದಮ್ಮ ಯಾರನ್ನೂ ಬರಿಗೈಯಲ್ಲಿ ಕಳಿಸುವವರಲ್ಲ. ರಾಯಪ್ಪನ ಕುರ್ಚಿಯಲ್ಲಿ ಕೂತು, "ಬಾರವ್ವ, ನಿಂದ್ಯಾವ ಬಣ್ಣ?" ಎಂದು ಕೇಳಿ ಕೇಳಿ ಕೊಟ್ಟರು. ಹೆಸರು ಓದಲು ಕನ್ನಡಕ ತಂದಿರಲಿಲ್ಲ. ಒಬ್ಬಳಿಗೆ ತೋಳು ಬಿಗಿಯಾಯಿತೆಂದು ದೊಡ್ಡ ಕತ್ತರಿಯನ್ನೂ ಕೊಟ್ಟು ಕಳಿಸಿದರು. ತೆಗೆದುಕೊಂಡವರಿಂದ ಚೀಟಿ ಬರೆಸಿಕೊಳ್ಳಲು ಅಳತೆ ಪುಸ್ತಕದ ಹಾಳೆ ಹರಿದರು.

ಬೆಳಗಿನಿಂದ ಬಂದ ಗಿರಾಕಿಗಳೆಲ್ಲ ನಗುಮುಖದಲ್ಲೇ ಇದ್ದರು. "ಬಂದ್ ಅಂದಿದ್ರಿ, ಶುಕ್ರವಾರ ತೆಗೆದಿದ್ರಂತೆ! ಸದ್ಯ, ನಮ್ಮ ರಾಯಪ್ಪ ಮೊದಲಿನಂಗೆ ಸರಿಹೋದ" ಎಂದು ಒಬ್ಬಾಕೆ ಎರಡು ಬ್ಲೌಸ್ ಪೀಸ್ ಇಟ್ಟಳು.

"ನಾನು ತೆಗೆದಿಲ್ಲ" ಅಂದ ರಾಯಪ್ಪ. ಆಕೆ ನಕ್ಕು ಹೋದಳು.

"ನಾನು ತೆಗೆದಿಲ್ಲ ಖತೀಜಾಬೀ. ಕೀ ಅಷ್ಟೇ ಕೊಟ್ಟೆ."

"ತೆಗೆಯಲ್ಲ ಅಂದ್ರಿ, ತೆಗೆದಿತ್ತು. ಎತ್ತಿದ ಕೈ ಯಾರದು ಅಂತ ಷಟರ್‌ಗೆ ಗೊತ್ತಾಗ್ತದೇನ್ರಿ ಮಾಸ್ಟ್ರೆ?"

ರಾಯಪ್ಪ ಖಾಲಿ ಹಲಗೆ ಒರೆಸಿದ. "ನಾನೇ ಹೋಗಿ ಬೀಗ ತೆಗೆದಿದ್ರೆ ತಪ್ಪಾಯ್ತು ಅಂತಿದ್ದೆ. ಕೀ ಕೊಟ್ಟು ಜಾಣ ಅಂದ್ಕೊಂಡೆ. ಇಷ್ಟು ದಿನ ಮಾಡಿದ್ದು ನೀರಿಗೆ ಹೋಯ್ತಲ್ಲ."

"ಯಾಕ ಹೋಗ್ತದೆ? ನಂದೊಂದು ರೋಜಾ ಉಪವಾಸ ತಪ್ಪಿದ್ರೆ ಹಬ್ಬ ಆದ ಮ್ಯಾಲೆ ಒಂದು ಹಿಡಿದು ತೀರಿಸ್ತೀನಿ. ನೀವೂ ತೀರಿಸ್ರಿ." ಅವಳು ಸೂಜಿ ಎತ್ತಿಕೊಂಡಳು. "ಇದಕ್ಕೆ ಯಾವ ದಿನ ಅಂತ ಹೇಳಲಿ, ಈ ಎರಡು ಬ್ಲೌಸಿಗೆ?"

"ಹದಿಮೂರನೇ ತಾರೀಕು. ಮಧ್ಯಾಹ್ನ."

ಸಂಜೆ ಲೂರ್ದಮ್ಮ ಒಂದು ಬ್ಲೌಸ್ ಪೀಸ್ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. "ತಪಸ್ಸು ಕಾಲ ಮುಗೀತಲ್ಲ. ಈಗ ಹೇಳ್ರಿ."

"ಗುರುವಾರ, ಏಳು ಗಂಟೆ."

"ಯಾವ ವರ್ಷದ್ದು?"

ರಾಯಪ್ಪ ಪೀಸ್ ಮಡಚಿ ಚೀಲಕ್ಕೆ ಹಾಕಿಕೊಂಡ. ಗುರುವಾರ ಏಳಕ್ಕೆ ಐದು ನಿಮಿಷ ಇರುವಾಗ ಕವರು ಹಿಡಿದು ಮನೆಯೊಳಗೆ ಬಂದ. ಅವಳು ಹುಕ್ಕು ಎಳೆದು ನೋಡಿದಳು, ತೋಳು ಎತ್ತಿ ನೋಡಿದಳು. ಹೊಲಿಗೆ ಬಿಡಲಿಲ್ಲ.

ಆ ತಪಸ್ಸು ಕಾಲದಲ್ಲಿ ರಾಯಪ್ಪ ಕಳೆದುಕೊಂಡದ್ದು ಒಂಬತ್ತು ಖಾಯಂ ಗಿರಾಕಿ, ಒಂದು ಹಾಸ್ಟೆಲು, ತಿರುಗಿ ಬಾರದ ಎರಡು ಬ್ಲೌಸು, ಒಂದು ದೊಡ್ಡ ಕತ್ತರಿ, ಅಳತೆ ಪುಸ್ತಕದ ಮೂರು ಹಾಳೆ. ಹರಿಹರದ ಮಸ್ತಾನಸಾಬ ಕಳೆದುಕೊಂಡದ್ದು ಒಬ್ಬ ಗಿರಾಕಿ.