ಗುಡುಗಪ್ಪನ ಜೊತೆ ಆರು ವಾರ

ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಪರದೆ ಕಟ್ಟಿ ಎಂಟು ಗೂಡು ಮಾಡಿದ್ದರು. ಒಂದೊಂದು ಗೂಡಿನಲ್ಲೂ ಒಂದು ಮಂಚ, ಎರಡು ಕುರ್ಚಿ, ಕೈ ತೊಳೆದುಕೊಳ್ಳುವ ಔಷಧಿಯ ಒಂದು ಬಾಟಲಿ. ಮೂಲೆಯ ಮೇಜಿನ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯಾಗಿದ್ದ ಒಂದು ರಬ್ಬರ್ ಕೈ. ಬೇರೆ ದೇಶದಲ್ಲಿ ಓದಿ ಬಂದ ಡಾಕ್ಟರುಗಳು ಇಲ್ಲಿ ರೋಗಿಯ ಮೈ ಮುಟ್ಟಬೇಕಾದರೆ ಮತ್ತೊಂದು ಸಲ ಪ್ರಾಕ್ಟಿಕಲ್ ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆಯಲ್ಲಿ ಇಂಥ ಹದಿನಾರು ಗೂಡು, ಅವಕ್ಕೆ ಸ್ಟೇಷನ್ ಅನ್ನುತ್ತಾರೆ, ಒಂದೊಂದಕ್ಕೆ ಎಂಟು ನಿಮಿಷ. ಗಂಟೆ ಹೊಡೆದಾಗ ಪರದೆಯ ಒಳಗೆ ಹೋಗಬೇಕು, ಮತ್ತೆ ಹೊಡೆದಾಗ ಬಾಯಲ್ಲಿದ್ದ ಮಾತನ್ನೂ ನುಂಗಿಕೊಂಡು ಹೊರಗೆ ಬರಬೇಕು. ತರಬೇತಿ ಕೊಡುತ್ತಿದ್ದವರು ಒಬ್ಬರು ರಿಟೈರಾದ ನರ್ಸ್. ಗಂಟೆ ಅವರ ಕೈಯಲ್ಲೇ ಇರುತ್ತಿದ್ದದ್ದರಿಂದ ಎಲ್ಲರಿಗೂ ಅವರು ಗಂಟೆಯಕ್ಕ.

ಮೊದಲ ದಿನ ಗಂಟೆಯಕ್ಕ ನಮ್ಮನ್ನು ಜೋಡಿ ಮಾಡಿದರು. ಒಬ್ಬರು ರೋಗಿಯನ್ನು ನೋಡುವಾಗ ಇನ್ನೊಬ್ಬರು ಹಾಳೆ ಹಿಡಿದು ಸರಿ-ತಪ್ಪು ಗುರುತು ಹಾಕಬೇಕು, ಆಮೇಲೆ ಅದಲುಬದಲು. ನನ್ನ ಪಕ್ಕ ಬಂದು ನಿಂತವನ ಕಡೆ ತಿರುಗಿದೆ. ಗುಡುಗಪ್ಪ!

ಹೆಸರು ನಾವಿಟ್ಟದ್ದು, ಹಳೆಯ ಆಸ್ಪತ್ರೆಯ ಜೂನಿಯರುಗಳು. ಅವನು ಅಲ್ಲಿ ಸರ್ಜರಿ ವಿಭಾಗದ ಮುಖ್ಯಸ್ಥ. ಅವನ ದನಿ ಕೇಳಿದರೆ ಸಾಕು, ಹಾಸಿಗೆ ಹಿಡಿದ ರೋಗಿಯೂ ಎದ್ದು ಕೂರುತ್ತಾನೆ ಎಂದು ಆಯಾಗಳು ನಗುತ್ತಿದ್ದರು. ನಮ್ಮನ್ನೆಲ್ಲ ಅವನು ಕರೆಯುತ್ತಿದ್ದದ್ದು 'ಏಯ್' ಅಂತ. ಈಗ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಸಭ್ಯವಾಗಿ ನಕ್ಕ.

"ನಮಸ್ಕಾರ ಮೇಡಂ. ನಾವು ಮುಂಚೆ ಎಲ್ಲಾದ್ರೂ ಭೇಟಿ ಆಗಿದ್ದೀವಾ?"

"ಇಲ್ಲ ಸರ್," ಅಂದೆ. ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ.

ಹನ್ನೆರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಕರುಳು ತಿರುಚಿಕೊಂಡ ಒಬ್ಬ ಸ್ಕೂಲ್ ಟೀಚರನ್ನು ಕರೆತಂದಿದ್ದರು. ಡ್ಯೂಟಿಯಲ್ಲಿ ನಾನೊಬ್ಬಳೇ. ಆಪರೇಷನ್ ಮಾಡುವ ಅಧಿಕಾರ ನನಗಿರಲಿಲ್ಲ. ಕ್ಲಬ್ಬಿನಲ್ಲಿ ಇಸ್ಪೀಟ್ ಆಡುತ್ತಿದ್ದ ಅವನಿಗೆ ಮೂರು ಸಲ ಫೋನ್ ಮಾಡಿದೆ. ಮೊದಲ ಸಲ 'ಡ್ರಿಪ್ ಹಾಕು' ಅಂದ. ಎರಡನೇ ಸಲ 'ಬರ್ತೀನಿ' ಅಂದ. ಮೂರನೇ ಸಲ ಎತ್ತಲೇ ಇಲ್ಲ. ಬಂದದ್ದು ಸಂಜೆ ಏಳಕ್ಕೆ. ಅಷ್ಟರಲ್ಲಿ ಟೀಚರ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ವಿಚಾರಣೆಯಲ್ಲಿ ಅವನು ಬರೆದುಕೊಟ್ಟದ್ದು ಒಂದೇ ಸಾಲು: 'ಡ್ಯೂಟಿ ಡಾಕ್ಟರ್ ನನಗೆ ವಿಷಯ ತಿಳಿಸಲಿಲ್ಲ.' ನನ್ನ ಸರ್ಜರಿ ತರಬೇತಿ ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷ ಕೆಮ್ಮು ನೆಗಡಿಗೆ ಮಾತ್ರೆ ಬರೆದೆ. ಆಮೇಲೆ ಅಮ್ಮನನ್ನೂ ಅವಳ ಹೊಲಿಗೆ ಮಿಷನ್ನನ್ನೂ ಕಟ್ಟಿಕೊಂಡು ದೇಶ ಬಿಟ್ಟು ಈ ಊರಿಗೆ ಬಂದೆ. ಅವನು ಬಂದದ್ದು ಮಗಳ ಮನೆಗೆ. ಅಳಿಯನ ಸೋಫಾದ ಮೇಲೆ ಕೂತು ಕೂತು ಸಾಕಾಗಿದೆ ಎಂದು ಗಂಟೆಯಕ್ಕನ ಹತ್ತಿರ ಹೇಳಿಕೊಂಡನಂತೆ.

"ಅಕ್ಕ, ನನಗೆ ಬೇರೆ ಜೋಡಿ ಹಾಕಿ," ಎಂದು ಕೇಳಿದೆ.

"ಇದೇನು ಮದುವೆನಾ, ಗಂಡು ಒಪ್ಪಿಗೆ ಇಲ್ಲ ಅನ್ನೋಕೆ?" ಅಂದರು ಗಂಟೆಯಕ್ಕ. "ಆರು ವಾರ ತಾನೆ. ಹಾಳೆ ಹಿಡೀರಿ."

ಮನೆಗೆ ಹೋಗಿ ಹೇಳಿದಾಗ ಅಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು. ಯಾರದೋ ಪ್ಯಾಂಟಿನ ಕಾಲು ಸೂಜಿಯ ಕೆಳಗೇ ಉಳಿಯಿತು.

"ಆ ಗುಡುಗಪ್ಪನಾ? ತಾನಾಗೇ ಬಂದು ಕೈಗೆ ಸಿಕ್ಕಿದ್ದಾನಲ್ಲೇ! ಮಾಡಿದ್ದುಣ್ಣೋ ಮಹಾರಾಯ ಅಂತ ಬಿಡು ಅವನನ್ನ."

ಬೇರೆ ತಾಯಂದಿರಾಗಿದ್ದರೆ ಹೋಗಲಿ ಕ್ಷಮಿಸಿಬಿಡು ಅನ್ನುತ್ತಿದ್ದರೇನೋ. ನನ್ನಮ್ಮ ಆ ಜಾತಿಯವಳಲ್ಲ.

ಅವನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಹೊಟ್ಟೆಯ ಮೇಲೆ ಬೆರಳಿಟ್ಟರೆ ಎರಡು ನಿಮಿಷದಲ್ಲಿ ರೋಗ ಹೇಳುತ್ತಿದ್ದ. ಆದರೆ ಈ ಪರೀಕ್ಷೆ ರೋಗ ಹಿಡಿಯುವುದಕ್ಕಷ್ಟೇ ಅಲ್ಲ. ಕೈ ತೊಳೆಯಬೇಕು, ನಾನು ಇಂಥವರು ಅನ್ನಬೇಕು, ಮುಟ್ಟುವ ಮೊದಲು ಕೇಳಬೇಕು. ಕೇಳದೆ ಮುಟ್ಟಿದರೆ ಆ ಸ್ಟೇಷನ್‌ಗೆ ಸೊನ್ನೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಗುಡುಗಪ್ಪ ಮಂಚದ ಹತ್ತಿರ ಹೋದವನೇ ಹೊದಿಕೆಯನ್ನು ಸರ್ರನೆ ಎಳೆದ. ರೋಗಿಯಾಗಿ ಮಲಗಿದ್ದ ಗಂಟೆಯಕ್ಕನ ತಂಗಿ ಬೆಚ್ಚಿ ಕಾಲು ಮಡಚಿಕೊಂಡಳು. ಅವನಿಗೆ ಅದು ಕಾಣಲೇ ಇಲ್ಲ.

ಹಾಳೆಯ ಮೇಲೆ ನನ್ನ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಎಲ್ಲದಕ್ಕೂ ಸರಿ ಗುರುತು ಹಾಕಿದೆ.

"ಹೇಗಿತ್ತು ಮೇಡಂ?"

"ಚೆನ್ನಾಗಿತ್ತು ಸರ್. ನಿಮಗೆ ಹೇಳಿಕೊಡೋಕೆ ನಾವ್ಯಾರು?"

ಅವತ್ತು ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೇನಿತ್ತು? ಆದರೆ ಮನೆಗೆ ಬಂದ ಮೇಲೆ ಇನ್ನೊಂದು ಹಾಳೆ ತೆಗೆದು ಅವನ ನಿಜವಾದ ತಪ್ಪುಗಳನ್ನು ದಿನಾಂಕ ಹಾಕಿ ಬರೆದಿಟ್ಟೆ. ಆಮೇಲೆ ದಿನವೂ ಹಾಗೇ ಮಾಡಿದೆ. ಒಬ್ಬ ಸುಳ್ಳು ಬರೆದದ್ದರಿಂದ ಹಾಳಾದವಳು ನಾನು. ಬರೀ ಸುಳ್ಳನ್ನೇ ಬರೆದು ಊಟಕ್ಕೆ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಸರದಿ ಬಂದಾಗ ಅವನು ಹಾಳೆ ಹಿಡಿಯುತ್ತಿದ್ದ. ಸ್ವಲ್ಪವೂ ದಯೆ ಇಲ್ಲ, ಮೋಸವೂ ಇಲ್ಲ.

"ಕೈ ನಡುಗ್ತಿದೆ ಮೇಡಂ. ಇನ್ನೊಂದ್ಸಲ."

"ರೋಗಿ ಮಾತು ಮುಗಿಸೋಕೆ ಮುಂಚೆ ಪ್ರಶ್ನೆ ಕೇಳಿದ್ರಿ. ಇನ್ನೊಂದ್ಸಲ."

"ರೋಗಿ ಮುಖ ನೋಡಿ. ನನ್ನ ಮುಖದಲ್ಲೇನಿದೆ?"

ಅವನು ಹೇಳಿದ್ದೆಲ್ಲ ಸರಿಯಾಗಿತ್ತು. ಅದೇ ನನ್ನ ಹೊಟ್ಟೆ ಉರಿಸುತ್ತಿದ್ದದ್ದು. ಅವನಿಂದ ನಾನು ದಿನದಿನಕ್ಕೆ ಸುಧಾರಿಸುತ್ತಿದ್ದೆ, ನನ್ನಿಂದ ಅವನು ನೆಟ್ಟಗೆ ಗುಂಡಿಯ ಕಡೆ ನಡೆಯುತ್ತಿದ್ದ. ಎರಡನೇ ವಾರದಿಂದ ನಾವು ಪಾಠ ಬಿಟ್ಟು ಬೇರೆ ಮಾತಾಡಲಿಲ್ಲ. ಕ್ಯಾಂಟೀನ್ ಮೇಜಿಗೆ ಅವನು ಬಂದರೆ ನಾನು ಲೋಟ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಿದ್ದೆ.

ಆರನೇ ವಾರ ಬಂತು. ಪರೀಕ್ಷೆಗೆ ಐದು ದಿನ. ಕೆಟ್ಟ ಸುದ್ದಿಯನ್ನು ಮನೆಯವರಿಗೆ ತಿಳಿಸುವ ಸ್ಟೇಷನ್ ಅಭ್ಯಾಸ ಮಾಡಬೇಕಿತ್ತು. ಗಂಟೆಯಕ್ಕ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಟ್ಟರು. ಅವನು ಡಾಕ್ಟರ್, ನಾನು, ಆಪರೇಷನ್ ತಡವಾಗಿ ತೀರಿಕೊಂಡ ಹೆಂಗಸಿನ ಮಗಳು. ಕಾರ್ಡನ್ನು ಎರಡು ಸಲ ಓದಿದೆ.

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ನೋಡಮ್ಮ, ಆಪರೇಷನ್ ಶುರು ಮಾಡೋ ಹೊತ್ತಿಗೆ ತಡ ಆಗಿಹೋಗಿತ್ತು. ನಿಮ್ಮ ತಾಯಿನ ಉಳಿಸಿಕೊಳ್ಳೋಕೆ ಆಗ್ಲಿಲ್ಲ."

ಮಗಳು ಅಳಬೇಕು ಎಂದು ಕಾರ್ಡಿನಲ್ಲಿತ್ತು. ನಾನು ಅಳಲಿಲ್ಲ.

"ಯಾಕೆ ತಡ ಆಯ್ತು ಡಾಕ್ಟ್ರೇ?"

"ಸರ್ಜನ್‌ಗೆ ಸರಿಯಾದ ಸಮಯಕ್ಕೆ ಯಾರೂ ತಿಳಿಸಿರಲಿಲ್ಲ." ಒಂದು ತಡವರಿಕೆಯೂ ಇಲ್ಲ. ಬಾಯಿಪಾಠದ ಮಗ್ಗಿಯ ಹಾಗೆ ಬಂತು.

"ಯಾರು ತಿಳಿಸಬೇಕಿತ್ತು?"

"ಡ್ಯೂಟಿ ಡಾಕ್ಟರ್."

"ಅವಳು ತಿಳಿಸಿದ್ದಳು. ಮೂರು ಸಲ."

ಪಕ್ಕದ ಗೂಡಿನಲ್ಲಿ ಯಾರೋ ಯಾರಿಗೋ ಉಸಿರು ಎಳೆದುಕೊಳ್ಳಿ, ಬಿಡಿ ಅನ್ನುತ್ತಿದ್ದರು. ಅವನು ಕಾರ್ಡನ್ನು ತಿರುಗಿಸಿ ನೋಡಿದ. "ಅದು ಇಲ್ಲಿ ಬರೆದಿಲ್ಲ."

"ನಿಮ್ಮ ವರದೀಲೂ ಬರೆದಿರ್ಲಿಲ್ಲ."

ಅವನು ಕಾರ್ಡನ್ನು ಮೊಣಕಾಲ ಮೇಲಿಟ್ಟ. "ನಾನು ಮೊದಲ ದಿನಾನೇ ಗುರುತು ಹಿಡಿದೆ. ಇಲ್ಲ ಅಂದವಳು ನೀನು. ನಾನೂ ಸುಮ್ಮನಾದೆ."

"ಹಾಗಾದ್ರೆ ಈಗ ಬರ್ಕೊಡಿ. ಫೋನ್ ಬಂದಿತ್ತು ಅಂತ."

"ಬರ್ಕೊಟ್ರೆ? ಸತ್ತೋರು ಎದ್ದು ಬರ್ತಾರಾ? ಈ ವಯಸ್ಸಲ್ಲಿ ನನ್ನ ಮುಖಕ್ಕೆ ನಾನೇ ಮಸಿ ಬಳ್ಕೋಬೇಕು, ಅಷ್ಟೇ ತಾನೆ ನಿಂಗೆ ಬೇಕಾಗಿರೋದು?"

"ನನ್ನ ಮುಖಕ್ಕೆ ಬಳಿದಾಗ ನನಗೆ ಇಪ್ಪತ್ತಾರು."

"ಚಿಕ್ಕವಳು, ತಡ್ಕೋತೀಯ ಅಂದ್ಕೊಂಡೆ."

ಎಷ್ಟು ಸುಲಭವಾಗಿ ಹೇಳಿದ! ನನ್ನ ಚೀಲದಲ್ಲಿ ಆ ಹಾಳೆಗಳಿದ್ದವು. ಇಪ್ಪತ್ತೆಂಟು. ತೆಗೆದು ಅವನ ತೊಡೆಯ ಮೇಲೆ ಎಸೆದೆ. ಅವನಿಗೆ ಒಳ್ಳೆಯದಾಗಲಿ ಎಂದಲ್ಲ. ಪರೀಕ್ಷೆಗೆ ಐದು ದಿನ ಇರುವಾಗ ಅವನ ಧೈರ್ಯ ಮುರಿದುಬೀಳಲಿ, ಕೈಕಾಲು ಆಡದಂತಾಗಲಿ ಎಂದು.

ಅವನು ಒಂದೊಂದಾಗಿ ಓದಿದ. ಕೈ ತೊಳೆಯಲಿಲ್ಲ. ಹೆಸರು ಹೇಳಲಿಲ್ಲ. ಕೇಳದೆ ಹೊದಿಕೆ ಎಳೆದ. ಕೇಳದೆ ಹೊದಿಕೆ ಎಳೆದ. ಕೇಳದೆ ಹೊದಿಕೆ ಎಳೆದ.

"ಆರು ವಾರ?" ಅಂದ.

"ಆರು ವಾರ."

"ದಿನಾ ಮುಖ ನೋಡಿ ಚೆನ್ನಾಗಿತ್ತು ಸರ್, ಚೆನ್ನಾಗಿತ್ತು ಸರ್ ಅಂತಿದ್ದೆಯಲ್ಲೇ!" ಹಳೆಯ ಗುಡುಗು ಹೊರಗೆ ಬಂತು. "ನನ್ನನ್ನ ಸುಳ್ಳುಗಾರ ಅಂತೀಯ. ನೀನು ಮಾಡಿದ್ದಕ್ಕೆ ಏನಂತಾರೆ?"

ಗಂಟೆಯಕ್ಕ ಪರದೆ ಸರಿಸಿದರು. "ಕಿರುಚೋದಕ್ಕೆ ಇಲ್ಲಿ ಮಾರ್ಕ್ಸ್ ಇಲ್ಲ," ಅಂದರು. ಆಮೇಲೆ ನೆಲಕ್ಕೆ ಬಿದ್ದ ಹಾಳೆಯೊಂದನ್ನು ಎತ್ತಿಕೊಂಡು ಓದಿ, ನಾನು ದಿನವೂ ಅವರಿಗೆ ಒಪ್ಪಿಸಿದ್ದ ಹಾಳೆಗಳನ್ನು ನೆನಪಿಸಿಕೊಂಡರೆಂದು ಕಾಣುತ್ತದೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವು ಇನ್ನು ಮೇಲೆ ಯಾರ ಹಾಳೇನೂ ಮುಟ್ಟಬೇಡಿ. ನಿಮ್ಮ ಪಾಡಿಗೆ ನೀವು ಓದ್ಕೊಳ್ಳಿ."

ಅವನ ಧೈರ್ಯ ಮುರಿಯಲಿಲ್ಲ. ಮರುದಿನದಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ರಬ್ಬರ್ ಕೈಯ ಮುಂದೆ ನಿಲ್ಲುತ್ತಿದ್ದ. "ನಮಸ್ಕಾರ. ನಾನು ಇವತ್ತು ನಿಮ್ಮನ್ನ ನೋಡೋ ಡಾಕ್ಟರ್. ಮುಟ್ಟಬಹುದಾ?" ಅದು ಉತ್ತರ ಕೊಟ್ಟಿತೇನೋ ಎಂಬಂತೆ ಸ್ವಲ್ಪ ಕಾಯುತ್ತಿದ್ದ. ನಾಚಿಕೆ ಇರಲಿಲ್ಲ ಅವನಿಗೆ.

"ತಲೆ ಕೆಟ್ಟಿತ್ತಾ ನಿಂಗೆ?" ಅಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಇನ್ನೈದು ದಿನ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು? ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊಂಡೆಯಲ್ಲೇ!"

ಪರೀಕ್ಷೆಯ ದಿನ ಎಂಟು ಸ್ಟೇಷನ್ ಚೆನ್ನಾಗಿಯೇ ಕಳೆದವು. ಒಂಬತ್ತನೆಯದರಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂದವನಂತೆ ನಟಿಸುವ ಒಬ್ಬ ಮುದುಕ. ಕೈ ತೊಳೆದೆ, ಹೆಸರು ಹೇಳಿದೆ. ಅಷ್ಟರಲ್ಲಿ ಪಕ್ಕದ ಪರದೆಯ ಆಚೆಯಿಂದ ಅವನ ದನಿ ಕೇಳಿಸಿತು. ನನ್ನ ಎದುರು ಮುದುಕ ಏನೋ ಹೇಳುತ್ತಿದ್ದ. ನನ್ನ ಜೀವವೆಲ್ಲ ಕಿವಿಗೆ ಬಂದು ಆ ಪರದೆಗೆ ಅಂಟಿಕೊಂಡಿತ್ತು. ಕೇಳದೇ ಎಳೆಯುತ್ತಾನೆ. ಈಗ ಎಳೆಯುತ್ತಾನೆ.

"ಹೊದಿಕೆ ಸ್ವಲ್ಪ ಸರಿಸಬಹುದಾ ಅಮ್ಮ? ನೋವಾದ್ರೆ ಹೇಳಿ, ತಕ್ಷಣ ನಿಲ್ಲಿಸ್ತೀನಿ."

ಆ ಮೆತ್ತಗಿನ ದನಿಯನ್ನು ನಾನು ಅವನ ಬಾಯಿಂದ ಯಾವತ್ತೂ ಕೇಳಿರಲಿಲ್ಲ. ಅದು ಅವನ ಹತ್ತಿರ ಇತ್ತೆಂಬುದೇ ನನಗೆ ಸಿಟ್ಟು ತರಿಸಿತು.

"ಡಾಕ್ಟ್ರೇ, ಕೇಳ್ತಿದೀರಾ?" ಅಂದ ಮುದುಕ. ಕ್ಷಮೆ ಕೇಳಿದೆ, ಎದೆ ನೋಡಿದೆ, ಇಂಜೆಕ್ಷನ್ ಬರೆದೆ. ಗಂಟೆ ಹೊಡೆಯಿತು. ಪರದೆಯ ಹೊರಗೆ ಕಾಲಿಟ್ಟ ಮೇಲೆ ಹೊಳೆಯಿತು: ಯಾವ ಔಷಧಿಯಾದರೂ ಮೈಗೆ ಒಗ್ಗುವುದಿಲ್ಲವೇ ಎಂದು ನಾನು ಕೇಳಿರಲೇ ಇಲ್ಲ. ನಿಜವಾದ ರೋಗಿಯಾಗಿದ್ದರೆ ನಾನು ಬರೆದದ್ದೇ ಅವನನ್ನು ಕೊಲ್ಲಬಹುದಿತ್ತು.

ಪಾಸಾಗಲು ಹನ್ನೆರಡು ಸ್ಟೇಷನ್ ಬೇಕಿತ್ತು. ನನಗೆ ಹನ್ನೊಂದು ಬಂತು. ಅವನಿಗೆ ಹದಿಮೂರು.

ಫಲಿತಾಂಶದ ದಿನ ಅವನು ಟೈರ್ ಅಂಗಡಿಯ ಮುಂದೆ ನಿಂತಿದ್ದ. ನಾನು ದಾಟಿಹೋಗುವಾಗ ಹೇಳಿದ: "ಆ ಹಾಳೆಗಳಿಂದ ಪಾಸಾದೆ."

"ನಿಮ್ಮನ್ನ ಬೀಳಿಸೋಕೆ ಅಂತ ಕೊಟ್ಟಿದ್ದು."

"ಗೊತ್ತು. ಆದ್ರೂ ಬರ್ಕೊಡಲ್ಲ ನಾನು. ಅದನ್ನ ಮಾತ್ರ ಕಾಯ್ಬೇಡ."

"ನೀವು ಹಾಳಾಗಿ ಹೋಗಿ ಸರ್," ಅಂದೆ. ಹನ್ನೆರಡು ವರ್ಷದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು ಅದು. ಅಲ್ಲಿಯೂ ಬಹುವಚನ ಬಿಡಲಿಲ್ಲ. ಅವನು ತಲೆಯಾಡಿಸಿ, ಅಳಿಯ ತಂದಿದ್ದ ಕಾರು ಹತ್ತಿದ.

ಮುಂದಿನ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಗಂಟೆಯಕ್ಕ ನನ್ನನ್ನು ಮತ್ತೆ ಕರೆಯಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ. ಅಮ್ಮನನ್ನೇ ದಿವಾನದ ಮೇಲೆ ಮಲಗಿಸಿ ಅಭ್ಯಾಸ ಮಾಡಿದೆ. ಅಮ್ಮನಂಥ ಕೆಟ್ಟ ರೋಗಿ ಭೂಮಿಯ ಮೇಲಿಲ್ಲ. ಹೊಟ್ಟೆ ಮುಟ್ಟಿದರೆ ಕಚಗುಳಿ ಅನ್ನುತ್ತಿದ್ದಳು, ಎಂಟು ನಿಮಿಷದಲ್ಲಿ ಐದು ನಿಮಿಷ ಪಕ್ಕದ ಮನೆಯವರನ್ನು ಬೈಯುತ್ತಿದ್ದಳು.

"ಯಾವುದಾದ್ರೂ ಔಷಧಿ ಮೈಗೆ ಆಗಲ್ವಾ?"

"ಔಷಧಿ ಎಲ್ಲಾ ಆಗುತ್ತೆ. ಆ ಗುಡುಗಪ್ಪನ ಹೆಸರು ಕೇಳಿದ್ರೆ ಮೈಯೆಲ್ಲ ಕಡಿಯುತ್ತೆ."

ನಗು ತಡೆಯಲಾಗಲಿಲ್ಲ. ಅಮ್ಮ ಎದ್ದು ಕೂತಳು. "ನಗು, ನಗು. ಆದ್ರೆ ನೀನು ಬರೆದ ಸುಳ್ಳೂ ಸುಳ್ಳೇ ಕಣೇ. ಮಾಡಿದ್ದುಣ್ಣೋ ಮಹಾರಾಯ ಅನ್ನು ಅಂತ ನಿನ್ನ ಹುರಿದುಂಬಿಸಿದವಳು ನಾನೇ. ಈಗ ಯೋಚಿಸಿದ್ರೆ ನಂಗೇ ಒಂಥರಾ ಆಗುತ್ತೆ." ಇಷ್ಟು ಹೇಳಿ ಮತ್ತೆ ಮಲಗಿ, "ಹ್ಞೂಂ, ಎಲ್ಲಿಗೆ ಬಂದಿದ್ವಿ? ನೋವು ಎಡಗಡೆ," ಅಂದಳು.

ಎರಡನೇ ಸಲ ಹದಿನಾಲ್ಕು ಬಂತು. ಒಂದು ತಿಂಗಳಲ್ಲಿ ಕೆಲಸವೂ ಸಿಕ್ಕಿತು, ಹೆಂಗಸರ ವಾರ್ಡಿನಲ್ಲಿ. ಮೊದಲ ಸೋಮವಾರ ಬೆಳಿಗ್ಗೆ ನಾನು ಶೂ ಕಟ್ಟಿಕೊಳ್ಳುವಾಗ ಅಮ್ಮ ಕೇಳಿದಳು:

"ಅವನು ಯಾವ ಆಸ್ಪತ್ರೇಲಿ ಇದ್ದಾನಂತೆ?"

"ಗೊತ್ತಿಲ್ಲ."

"ವಿಚಾರಿಸ್ಲಿಲ್ವಾ?"

"ಇಲ್ಲಮ್ಮ."

ಸಿಟ್ಟು ಇಳಿದಿದೆ ಎಂದಲ್ಲ. ಎಲ್ಲಾದರೂ ಎದುರಾದರೆ ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಆದರೆ ಏಳೂವರೆಗೆ ವಾರ್ಡಿನಲ್ಲಿರಬೇಕಿತ್ತು, ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು. ಬಾಗಿಲು ಹಾಕಿಕೊಳ್ಳಲು ಅಮ್ಮನಿಗೆ ಹೇಳಿ ಓಡಿದೆ.