ಕೈ ಮೇಲೆ ಕೈ

ಅವರೆಕಾಳು ಹಿದುಕುವಾಗ ಸಂಯುಕ್ತಾಳ ಬಲಗೈಗೆ ಏನೂ ಆಗುತ್ತಿರಲಿಲ್ಲ. ನೆನೆದ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತಿತ್ತು. ಕಿರುಬೆರಳು, ಉಂಗುರದ ಬೆರಳು ಎರಡೂ ಹೇಳಿದ ಹಾಗೆ ಕೇಳುತ್ತಿದ್ದವು. ಅದನ್ನು ನೋಡಿದಷ್ಟೂ ಅವಳ ಹೆದರಿಕೆ ಹೆಚ್ಚುತ್ತಿತ್ತು. ಕೈ ಕೆಟ್ಟಿದ್ದರೆ ಎಲ್ಲಕ್ಕೂ ಕೆಡಬೇಕಿತ್ತು. ಇದು ಪಿಯಾನೋಗೆ ಮಾತ್ರ ಕೆಟ್ಟಿತ್ತು.

"ಏನವ್ವ, ಕಾಳ್ನ ಅಂಗೆ ದಿಟ್ಟಿಸ್ತೀಯಾ? ಉಳ ಐತಾ?" ಎದುರಿಗೆ ಕೂತಿದ್ದ ತಾಯಿ ಮುನಿಗಂಗಮ್ಮ ಕೇಳಿದಳು.

"ಇಲ್ಲಮ್ಮ."

"ಮತ್ತೆ ಮುಖ ಯಾಕಿಂಗೆ ಸುಂಡೋಗೈತೆ? ಭಾನುವಾರ ಕಚೇರಿ. ಬಂದೋರ ಕಣ್ಣೆಲ್ಲ ನಿನ್ ಮ್ಯಾಲೇ ಇರ್ತದೆ. ಉಪ್ಪು ಮೆಣಸಿನಕಾಯಿ ನಿವಾಳಿಸ್ತೀನಿ ಅಂದ್ರೆ ಮೂಗು ಮುರೀತೀಯ."

"ಇವತ್ತು ನಿವಾಳಿಸಮ್ಮ."

ಮುನಿಗಂಗಮ್ಮನ ಕೈ ನಿಂತಿತು. ಹೊರದೇಶದಲ್ಲಿ ಪಿಯಾನೋ ಕಲಿತು ಬಂದ ಮೇಲೆ ಮಗಳು ದೃಷ್ಟಿ ತೆಗೆಯಲು ಒಪ್ಪಿದ್ದು ಇದೇ ಮೊದಲು. ಅವಳು ಮಗಳ ಮುಖವನ್ನೇ ನೋಡಿದಳು.

ಶುರುವಾದದ್ದು ಮಳೆಗಾಲದಲ್ಲಿ. ಸೊನಾಟಾ ಎಂಬ ದೀರ್ಘ ಪಿಯಾನೋ ಕೃತಿಯೊಂದರ ಕೊನೆಯ ಭಾಗದಲ್ಲಿ ಬಲಗೈ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಓಡಬೇಕು. ಆ ಓಟದ ನಡುವೆ ಕೊನೆಯ ಎರಡು ಬೆರಳು ಬಾಡಿದ ಎಲೆಯ ಹಾಗೆ ಒಳಗೆ ಮಡಚಿಕೊಂಡವು. ದಣಿವು ಅಂದುಕೊಂಡು ಅವಳು ಇನ್ನಷ್ಟು ಸಾಧನೆ ಮಾಡಿದಳು. ಬೆರಳುಗಳು ಇನ್ನಷ್ಟು ಮಡಚಿಕೊಂಡವು. ಹೆಬ್ಬಾಳದ ನರರೋಗ ವೈದ್ಯರು ಎಲ್ಲ ಪರೀಕ್ಷೆ ಮಾಡಿ, "ಕೈಯಲ್ಲಿ ದೋಷ ಇಲ್ಲ, ನರದಲ್ಲೂ ಇಲ್ಲ. ನುಡಿಸೋಕೆ ಕೂತಾಗ ಮಾತ್ರ ಮಿದುಳು ಆ ಬೆರಳಿಗೆ ತಪ್ಪು ಹೇಳ್ತಿದೆ. ಬಲವಂತ ಮಾಡಿದಷ್ಟೂ ತಪ್ಪೇ ಗಟ್ಟಿಯಾಗುತ್ತೆ. ಆಮೇಲೆ ಬೆರಳು ತಾನಾಗೇ ಮಡಚಿಕೊಳ್ಳುತ್ತೆ" ಎಂದಿದ್ದರು. ಸರಿ ಹೋಗುತ್ತದೆಯೇ ಎಂದರೆ, "ಕೆಲವರಿಗೆ. ವರ್ಷಗಳು ಬೇಕು. ಮೊದಲು ನಿಲ್ಲಿಸಿ."

ಅವಳು ನಿಲ್ಲಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಆ ಎರಡು ಬೆರಳ ಕೆಲಸವನ್ನು ಉಳಿದವಕ್ಕೆ ಹಂಚಿ, ಕೇಳುವವರಿಗೆ ಗೊತ್ತಾಗದ ಹಾಗೆ ನುಡಿಸುತ್ತಾ ಬಂದಳು. ಭಾನುವಾರ ಸಭಾಂಗಣದಲ್ಲಿ ಎಲ್ಲರೆದುರು ಕೈ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು. ಕೊಡದಿದ್ದರೆ ಮುಂದಿನ ಕಚೇರಿಯವರೆಗೆ ಬದುಕಬಹುದು. ಅದಕ್ಕಿಂತ ಆಚೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಮಧ್ಯಾಹ್ನ ಬಿಂದುಶ್ರೀ ಪಾಠಕ್ಕೆ ಬಂದಳು. ಹತ್ತು ವರ್ಷದ ಹುಡುಗಿ; ಸಂಯುಕ್ತಾಳ ಶಿಷ್ಯರಲ್ಲೆಲ್ಲ ಚುರುಕು. ಜೊತೆಗೆ ತಾಯಿ ಮೋನಿಕಾ.

"ಮೇಡಂ, ಮನೇಲಿ ಬರೀ ನಿಮ್ಮದೇ ಜಪ. ಟಿವಿ ರಿಮೋಟ್ ಹಿಡಿಯೋದೂ ನಿಮ್ಮ ಥರಾನೇ ಅಂತೆ! ಸಂಡೇ ನಾವು ಫಸ್ಟ್ ರೋ ಹಿಡ್ಕೊಂಡಿದ್ದೀವಿ. ಇವಳಿಗೆ ನಿಮ್ಮ ಕೈ ಕಾಣಬೇಕಂತೆ" ಎಂದು ನಗುತ್ತಾ ಮೋನಿಕಾ ಜಗಲಿಯಲ್ಲಿ ಫೋನ್ ಹಿಡಿದು ಕೂತಳು.

ಪಿಯಾನೋ ಇದ್ದದ್ದು ಮನೆ ಹಿಂದಿನ ದನದ ಕೊಟ್ಟಿಗೆಯಲ್ಲಿ. ಯಲಹಂಕದ ಸುತ್ತ ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೆ ಕೊಟ್ಟಿಗೆ ಖಾಲಿಯಾಗಿತ್ತು. ಸಂಯುಕ್ತಾ ಗೋಡೆಗೆ ಸುಣ್ಣ ಬಳಿಸಿದ್ದಳು, ಕಲ್ಲುಚಪ್ಪಡಿ ಹಾಗೇ ಉಳಿದಿತ್ತು. ಅದೇ ಚಪ್ಪಡಿಯ ಮೇಲೆ ಅವಳ ತಾತ ನರಸಿಂಹಯ್ಯ ಅವಳಿಗೆ ಹಾಲು ಕರೆಯಲು ಕಲಿಸಿದ್ದ. ತನ್ನ ಕೈ ಮೇಲೆ ಮೊಮ್ಮಗಳ ಕೈ ಇರಿಸಿಕೊಂಡು ಸುಮ್ಮನೆ ಕರೆಯುತ್ತಿದ್ದ, ಬಾಯಲ್ಲಿ ಒಂದು ಮಾತೂ ಹೇಳುತ್ತಿರಲಿಲ್ಲ. ಎಷ್ಟು ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಅಂಗೈಗೆ ಹತ್ತುತ್ತಿತ್ತು. ಸಂಯುಕ್ತಾಳ ಪಾಠವೂ ಅದೇ ರೀತಿ. ಅವಳು ನುಡಿಸುತ್ತಾಳೆ, ಶಿಷ್ಯರ ಕೈ ಅವಳ ಕೈ ಮೇಲೆ ಹಗುರವಾಗಿ ಕೂತಿರುತ್ತದೆ. ಬಾಯಿಮಾತು ಮರೆತುಹೋಗುತ್ತದೆ, ಕೈಯನ್ನು ನಂಬಿ ಎನ್ನುತ್ತಿದ್ದಳು. ಈ ಮಳೆಗಾಲದಿಂದ ಹೆಚ್ಚು ಹೊತ್ತು ಅವಳ ಕೈ ಮೇಲೆ ಇದ್ದದ್ದು ಬಿಂದುಶ್ರೀಯ ಕೈ.

"ನುಡಿಸು ನೋಡೋಣ."

ಬಿಂದು ಅದೇ ಸೊನಾಟಾದ ತುಣುಕನ್ನು ನುಡಿಸಿದಳು. ಚಳಿಗೆ ಹಾಕಿದ್ದ ಸ್ವೆಟರಿನ ತೋಳು ಬೆರಳುಗಳ ಬುಡ ಮುಚ್ಚುವಷ್ಟು ಇಳಿದಿತ್ತು. ಬಲಗೈ ಮೇಲಕ್ಕೆ ಓಡಿತು. ಓಟದ ನಡುವೆ ಕೊನೆಯ ಎರಡು ಬೆರಳು ಒಳಗೆ ಮಡಚಿಕೊಂಡವು.

ಇದು ಅಂಟುವ ಕಾಯಿಲೆಯಲ್ಲ ಎಂದು ಗೊತ್ತಿದ್ದೂ ಸಂಯುಕ್ತಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

"ಇನ್ನೊಂದ್ಸಲ."

ಮತ್ತೆ ಅದೇ ಜಾಗ, ಅದೇ ಬೆರಳು. ಅಷ್ಟರಲ್ಲಿ ವಾಯುನೆಲೆಯ ವಿಮಾನವೊಂದು ಹೆಂಚು ಅದುರುವಂತೆ ಮೇಲೆ ಹಾದುಹೋಯಿತು. ಸದ್ದು ತೀರುವವರೆಗೆ ಕೈಯನ್ನು ಪಿಯಾನೋ ಕೀಗಳ ಮೇಲೆಯೇ ಇಟ್ಟು ಕಾಯುವುದು ಈ ಕೋಣೆಯ ರೂಢಿ. ಬಿಂದು ಕಾದಳು. ಸಂಯುಕ್ತಾ ಅವಳ ಸ್ವೆಟರಿನ ತೋಳನ್ನು ಮೇಲೆ ಸರಿಸಿದಳು. ಆ ಎರಡು ಬೆರಳುಗಳ ಬುಡದ ಸುತ್ತ ಕೆಂಪಗೆ ಬರೆ.

"ಇದೇನೇ?"

"ರಬ್ಬರ್ ಬ್ಯಾಂಡ್ ಮಿಸ್."

"ಯಾಕೆ ಹಾಕ್ಕೊಂಡೆ?"

"ನಿಮ್ ಥರ ಬರ್ತಿರ್ಲಿಲ್ಲ. ಬೆರಳು ನೆಟ್ಟಗೆ ನಿಂತ್ಕೊಳ್ತಿತ್ತು. ಅದಕ್ಕೆ ಮಡಚಿ ಕಟ್ಕೊಂಡು ಪ್ರ್ಯಾಕ್ಟೀಸ್ ಮಾಡ್ದೆ." ಹುಡುಗಿಯ ಕಣ್ಣಲ್ಲಿ ಹೆಮ್ಮೆ. "ನೀವು ಹೇಳ್ಕೊಡ್ಲೇ ಇಲ್ಲ, ನಾನೇ ಕಂಡುಹಿಡಿದೆ! ನಿಮ್ ಕೈ ಮೇಲೆ ಕೈ ಇಟ್ಟಾಗ ಗೊತ್ತಾಯ್ತು. ಈಗ ಕಟ್ಟದೇ ಇದ್ರೂ ತಾನಾಗೇ ಮಡಚ್ಕೊಳ್ಳುತ್ತೆ ಮಿಸ್."

ತಾನಾಗೇ. ವೈದ್ಯರ ಬಾಯಿಂದ ಬಂದದ್ದೂ ಅದೇ ಮಾತು.

ಹಾಗೆ ಮಾಡಬೇಡ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಭಾನುವಾರ ಈ ಹುಡುಗಿ ಮೊದಲ ಸಾಲಿನಲ್ಲಿ ಕೂತು ಕೈಯನ್ನೇ ನೋಡುತ್ತಾಳೆ. ಮಿಸ್‌ನ ಬೆರಳು ಮಡಚುವುದನ್ನು ನೋಡಿ, ಚಪ್ಪಾಳೆ ಕೇಳಿ, ಮನೆಗೆ ಹೋಗಿ ಮತ್ತೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾಳೆ. ಬಾಯಿಗಿಂತ ಕೈಯನ್ನು ನಂಬು ಎಂದು ಕಲಿಸಿದವಳು ತಾನೇ.

"ನೋಡಿಲ್ಲಿ" ಎಂದು ಸಂಯುಕ್ತಾ ನುಡಿಸಿದಳು. ಈ ಸಲ ಮರೆಮಾಚಲಿಲ್ಲ. ಬೆರಳುಗಳು ಅಂಗೈಗೆ ಅಂಟಿಕೊಂಡವು, ಓಟ ಮುಗ್ಗರಿಸಿ ನಿಂತಿತು. ಬಿಂದುವಿನ ಬಾಯಿ ತೆರೆದುಕೊಂಡಿತು.

"ಇದು ನಾನು ಮಾಡ್ತಿರೋದಲ್ಲ ಬಿಂದು. ನಾನು ಬೇಡ ಅಂದ್ರೂ ಆಗ್ತಿದೆ. ಕಾಯಿಲೆ."

ಮೋನಿಕಾ ಬಾಗಿಲಲ್ಲಿ ನಿಂತಿದ್ದಳು. "ನಿಮಗಾ ಮೇಡಂ?" ಎಂದಳು. ಆಮೇಲೆ ಮಗಳ ಕೈ ನೋಡಿದಳು. ದನಿ ಸಣ್ಣಗಾಯಿತು. "ಇವಳಿಗೂ ಬಂದ್ಬಿಟ್ಟಿದ್ಯಾ?"

"ಗೊತ್ತಿಲ್ಲ. ಬರೀ ಅಭ್ಯಾಸ ಆಗಿದ್ರೆ ಬಿಡಿಸಬಹುದು. ಡಾಕ್ಟರ ನಂಬರ್ ಕೊಡ್ತೀನಿ. ಅಲ್ಲೀವರೆಗೆ ಪಿಯಾನೋ ಮುಟ್ಟಿಸ್ಬೇಡಿ."

"ಗೊತ್ತಿಲ್ಲ ಅಂದ್ರೆ ಏನ್ರೀ ಅರ್ಥ? ಗೊತ್ತಿದ್ದೂ ಮಗು ಕೈ ಇಡಿಸ್ಕೊಂಡ್ರಾ?"

ಸಂಯುಕ್ತಾ ಪಿಯಾನೋದ ಮುಚ್ಚಳ ಇಳಿಸಿ, ಕಚೇರಿ ಏರ್ಪಡಿಸಿದ್ದ ಸುರೇಶನಿಗೆ ಫೋನ್ ಮಾಡಿದಳು.

"ಭಾನುವಾರ ಆಗಲ್ಲ ಸುರೇಶ್."

"ತಮಾಷೆ ಮಾಡ್ಬೇಡಿ ಮೇಡಂ!"

"ಕೈ ಹೋಗಿದೆ. ಹಾಗೇ ಹೇಳಿ ಎಲ್ಲರಿಗೂ."

ಮೋನಿಕಾ ಹೊರಡಲು ಮಗಳ ತೋಳು ಹಿಡಿದಿದ್ದಳು. ಕೂಗಾಟ ಕೇಳಿ ಬಂದಿದ್ದ ಮುನಿಗಂಗಮ್ಮ ಹೊಸಿಲಿನಲ್ಲಿ ಅಡ್ಡ ನಿಂತಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ.

"ಅಮ್ಮ, ಮೊದಲು ಮಗೂಗೆ" ಎಂದಳು ಸಂಯುಕ್ತಾ.

ಮೋನಿಕಾ ಬೇಡವೆನ್ನಲಿಲ್ಲ. ಬಿಂದು ಹೊಸಿಲ ಮೇಲೆ ಕೂತಳು. ಮುದುಕಿ ಅವಳ ತಲೆಯ ಸುತ್ತ ಮುಷ್ಟಿ ಸುಳಿಸತೊಡಗಿದಳು. ಏನಾಗುತ್ತಿದೆ ಎಂದು ಪೂರಾ ತಿಳಿಯದ ಹುಡುಗಿ ಅಳು ನುಂಗಿಕೊಂಡು, ಯಾವಾಗಲೂ ಮಾಡುವಂತೆ ಬಲಗೈಯನ್ನು ಮೊಣಕಾಲ ಮೇಲಿಟ್ಟು ಸದ್ದಿಲ್ಲದೆ ಆ ಓಟವನ್ನೇ ನುಡಿಸಿಕೊಳ್ಳುತ್ತಿದ್ದಳು.

"ಇಬ್ರೂ ಕಣ್ ಮುಚ್ಕೊಳ್ರವ್ವ" ಎಂದಳು ಮುನಿಗಂಗಮ್ಮ.

ಬಿಂದು ಮುಚ್ಚಿಕೊಂಡಳು. ಸಂಯುಕ್ತಾಳಿಗೆ ಆಗಲಿಲ್ಲ. ಹೆಬ್ಬೆರಳಿನಿಂದ ಹೊರಟ ಓಟ ಮೊಣಕಾಲ ಮೇಲೆ ಏರುತ್ತಿತ್ತು. ಅವಳು ಆ ಕಿರುಬೆರಳಿನ ಮೇಲೆ ಕಣ್ಣಿಟ್ಟು, ಅದು ಮಡಚಿಕೊಳ್ಳುತ್ತದೋ ಇಲ್ಲವೋ ಎಂದು ಕಾಯುತ್ತಾ ನಿಂತಳು.