ಸೈಲಸ್ ಬ್ರೆಂಟ್‌ನಿಗೆ ಗೇಟಿನಾಚೆ ಎಡೆ

ಅಮೆರಿಕದಿಂದ ಒಬ್ಬ ಹೆಂಗಸು ವಿಮಾನ ಹತ್ತಿ ಬಸವೇಶ್ವರನಗರದ ಮನೆ ಹುಡುಕಿಕೊಂಡು ಬರ್ತಾಳೆ ಅಂದರೆ ಸುಮ್ಮನೆ ಬರ್ತಾಳೆಯೇ? ಶಾಂತವ್ವನವರು ವಾರದಿಂದ ಇದೊಂದನ್ನೇ ಅಗಿಯುತ್ತಿದ್ದರು. ಸುಮ್ಮನೆ ಯಾರೂ ಬರುವುದಿಲ್ಲ. ಪಕ್ಕದ ಮನೆ ಮುನಿತಾಯಮ್ಮ ಹೆಪ್ಪಿಗೆ ಅಂತ ಬಟ್ಟಲು ಹಿಡಿದು ಬಂದರೂ ಕಣ್ಣು ಮಾತ್ರ ಹೊಸ ಸೋಫಾದ ಮೇಲೇ ಇರುತ್ತದೆ. ಹೀಗಿರುವಾಗ ಏಳು ಸಮುದ್ರ ದಾಟಿ ಬರುವವಳನ್ನು ನಂಬುವುದು ಹೇಗೆ ಹೇಳಿ.

ತಪ್ಪೆಲ್ಲ ಮೊಮ್ಮಗಳು ರಕ್ಷಾಳದು. ಆಫೀಸಿನ ಗೆಳತಿಯರ ಜೊತೆ ಸೇರಿಕೊಂಡು, ಒಂದು ಕೊಳವೆಯಲ್ಲಿ ಉಗುಳು ತುಂಬಿ ಯಾವುದೋ ಕಂಪನಿಗೆ ಕಳಿಸಿದ್ದಳು. ನಮ್ಮ ಮೂಲ ಯಾವುದು, ನೆಂಟರು ಎಲ್ಲೆಲ್ಲಿದ್ದಾರೆ ಅಂತ ಅವರು ಹೇಳ್ತಾರಂತೆ. ಆ ಉಗುಳು ಹೋಗಿ ಕ್ಯಾರಲ್ ಎಂಬುವಳ ಉಗುಳಿಗೆ ತಾಳೆಯಾಗಿ ಕೂತಿತು. ಇಬ್ಬರದೂ ಎಲ್ಲೋ ಹಿಂದೆ ಒಂದೇ ರಕ್ತ ಅಂತ ಕಂಪನಿಯವರು ಬರೆದರು. ಆಕೆ ತನ್ನ ಮುತ್ತಾತನ ತಂದೆಯ ಚರಿತ್ರೆ ಹುಡುಕುತ್ತಿದ್ದೇನೆ, ಬರಲೇ ಅಂತ ಕೇಳಿದಳು. ಈ ಹುಚ್ಚು ಹುಡುಗಿ ಅಜ್ಜಿಯನ್ನು ಒಂದು ಮಾತು ಕೇಳದೆ ಬನ್ನಿ ಅಂದುಬಿಟ್ಟಳು.

"ಮನೆಮೇಲೆ ಕಣ್ಣಿರಬೇಕು," ಅಂದರು ಶಾಂತವ್ವ.

"ಅಜ್ಜೀ, ಅವ್ರಿಗೆ ಅಲ್ಲಿ ಅರವತ್ತು ಎಕರೆ ಸೇಬಿನ ತೋಟ ಇದೆ. ನಮ್ಮ ಥರ್ಟಿ ಫಾರ್ಟಿ ಸೈಟ್ ತಗೊಂಡು ಏನ್ ಮಾಡ್ತಾರೆ?"

"ಹಂಗಾದ್ರೆ ಕಿಡ್ನಿ."

ರಕ್ಷಾ ನಕ್ಕಳು. ನಗಲಿ ಪಾಪ, ಅವಳಿಗೇನು ಗೊತ್ತು. ಮನೆ, ಕಿಡ್ನಿ ಎಲ್ಲ ಬಾಯಿಮಾತು. ಶಾಂತವ್ವನಿಗೆ ಇದ್ದ ನಿಜವಾದ ದಿಗಿಲು ಮದುವೆಯದು. ರಾಜಾಜಿನಗರದ ಗುರುಬಸಪ್ಪನವರ ಮಗನಿಗೂ ರಕ್ಷಾಳಿಗೂ ಮಾತುಕತೆ ಮುಗಿದು, ನಿಶ್ಚಿತಾರ್ಥಕ್ಕೆ ಛತ್ರ ನೋಡುವುದೊಂದು ಬಾಕಿ ಇತ್ತು. ಗುರುಬಸಪ್ಪ ರಿಟೈರ್ ಆದ ತಹಶೀಲ್ದಾರರು. ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡಿದ್ದಕ್ಕಿಂತ ಬೆಡಗು ಯಾವುದು, ಮಠ ಯಾವುದು, ತಾಯಿ ಕಡೆ ಯಾರು, ಅವರ ತಾಯಿ ಕಡೆ ಯಾರು ಅಂತ ವಂಶವನ್ನು ಜಾಲಾಡಿದ್ದೇ ಹೆಚ್ಚು. ಶಾಂತವ್ವ ಎಲ್ಲಕ್ಕೂ ಉತ್ತರ ಕೊಟ್ಟು, ಒಂದನ್ನು ಮಾತ್ರ ನುಂಗಿಕೊಂಡಿದ್ದರು.

ಆ ಒಂದು ಏನೆಂದರೆ ಇದು. ಶಾಂತವ್ವನ ತವರು ಧಾರವಾಡದ ಕಡೆ. ಕಂಪನಿ ಸರ್ಕಾರದ ಕಾಲದಲ್ಲಿ ಅಲ್ಲಿಗೆ ಹತ್ತಿ ಬೆಳೆಯುವುದನ್ನು ಕಲಿಸಲು ಒಬ್ಬ ಬಿಳಿಯ ಬಂದಿದ್ದನಂತೆ. ಅವನ ಜೊತೆ ಸಂಸಾರ ಮಾಡಿದವಳು ಗುರವ್ವ. ಮಗುವಾದ ಮೇಲೆ, ಮುಂಬೈಗೆ ಹೋಗಿ ಮಶೀನು ತರ್ತೇನೆ ಅಂತ ಹೋದವನು ತಿರುಗಿ ಬರಲಿಲ್ಲ. ಸತ್ತನೋ ಇದ್ದಾನೋ ಗೊತ್ತಿಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆ ಒಳಗೆ ಎಡೆ ಇಡಬೇಕು. ಬದುಕಿದ್ದವನಿಗೆ ಇಟ್ಟರೆ ಅವನಿಗೆ ಕೇಡು. ಗುರವ್ವ ಯೋಚಿಸಿ ಯೋಚಿಸಿ, ಅವನ ಎಡೆಯನ್ನು ಹೊಸ್ತಿಲ ಆಚೆ, ದಾರಿಗೆ ಮುಖ ಮಾಡಿ ಇಟ್ಟಳು. ಅದು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಗಂಡಂದಿರಿಗೆ ಕಾರಣ ಗೊತ್ತಾಗದ ಹಾಗೆ ನಡೆದುಕೊಂಡು ಬಂತು. ಶಾಂತವ್ವನೂ ಮದುವೆಯಾಗಿ ಬಂದಾಗಿನಿಂದ ಗೇಟಿನಾಚೆ ಇಡುತ್ತಿದ್ದರು. ಯಾರಾದರೂ ಕೇಳಿದರೆ ಹಸುವಿಗೆ ಅನ್ನುತ್ತಿದ್ದರು. ಬಿಳಿಯನಿಗೆ ಹುಟ್ಟಿದ ವಂಶ ಅಂತ ಗುರುಬಸಪ್ಪನವರ ಕಿವಿಗೆ ಬಿದ್ದರೆ ಕತೆ ಮುಗಿದಂತೆ.

ಶನಿವಾರ ಕ್ಯಾರಲ್ ಬಂದಳು. ಅರವತ್ತು ದಾಟಿದ ಎತ್ತರದ ಹೆಂಗಸು. ಚಪ್ಪಲಿ ಹೊರಗೆ ಬಿಟ್ಟಳು, ಬಗ್ಗಿ ನಮಸ್ಕಾರ ಮಾಡಿದಳು, ಉಪ್ಪಿಟ್ಟನ್ನು ಕೈಯಲ್ಲೇ ತಿಂದಳು. ಇಷ್ಟೊಂದು ನಯ ನೋಡಿ ಶಾಂತವ್ವನ ಅನುಮಾನ ಇನ್ನೂ ಗಟ್ಟಿಯಾಯಿತು. ಮಗ ಬಸವಕುಮಾರ್, ಸೊಸೆ ಇಬ್ಬರೂ ಅಂಗಡಿಗೆ ಹೋಗಿದ್ದರು. ರಕ್ಷಾ ನಡುವೆ ಕೂತು ಅತ್ತ ಇತ್ತ ಮಾತು ದಾಟಿಸಿದಳು.

ಆ ಹಿರಿಯನ ಹೆಸರು ಸೈಲಸ್ ಬ್ರೆಂಟ್. ಎತ್ತಿನ ಗಾಡಿ ಕಟ್ಟಿಕೊಂಡು, ತಿಂಗಳುಗಟ್ಟಲೆ ಬಯಲು ದಾಟಿ, ಅಮೆರಿಕದ ಪಶ್ಚಿಮದ ಒಂದು ಕಣಿವೆಗೆ ಮೊದಲು ಹೋದವನು ಅವನೇ. ಅಲ್ಲಿ ಮನೆ ಕಟ್ಟಿದ, ಗಿರಣಿ ಕಟ್ಟಿದ, ಊರನ್ನೇ ಕಟ್ಟಿದ. ಐದು ಮಕ್ಕಳು. ಊರ ನಡುವೆ ಪ್ರತಿಮೆ ಇದೆ. ಆದರೆ ಅದಕ್ಕೆ ಮುಂಚೆ ನಾಲ್ಕು ವರ್ಷ ಅವನು ಧಾರವಾಡದಲ್ಲಿದ್ದನಂತೆ. ಆ ನಾಲ್ಕು ವರ್ಷದ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ನಿಮಗೆ ಏನಾದರೂ ಗೊತ್ತಾ?

ಇವನೇ ಗುರವ್ವನ ಬಿಳಿಯ. ಬದುಕಿದ್ದ. ಗಾಡಿ ಕಟ್ಟಿಕೊಂಡು ಹೋಗಿ, ಮಕ್ಕಳು ಮಾಡಿಕೊಂಡು ಸುಖವಾಗಿದ್ದ. ಆದರೂ ಶಾಂತವ್ವ ಮುಖ ಗಟ್ಟಿಮಾಡಿಕೊಂಡು, ವಾರದಿಂದ ಸಿದ್ಧಮಾಡಿಟ್ಟ ಉತ್ತರ ಕೊಟ್ಟರು.

"ನಮಗೇನೂ ಗೊತ್ತಿಲ್ಲ ಅನ್ನು. ಯಾರಿಂದಲೂ ಏನೂ ಕೇಳಿಲ್ಲ."

ರಕ್ಷಾ ಹೇಳಿದಳು. ಕ್ಯಾರಲ್ ಉಸಿರು ಬಿಟ್ಟು ಸೋಫಾಕ್ಕೆ ಒರಗಿದಳು. ಮುಖದ ಮೇಲಿನ ಗಂಟೆಲ್ಲ ಸಡಿಲವಾಯಿತು.

ಇಷ್ಟು ದೂರ ಹುಡುಕಿಕೊಂಡು ಬಂದವಳಿಗೆ ಏನೂ ಸಿಗಲಿಲ್ಲ ಅಂದರೆ ಬೇಜಾರಾಗಬೇಕಲ್ಲ. ಇವಳಿಗೆ ಯಾಕೆ ಸಮಾಧಾನ?

"ಕೇಳು ಅವಳನ್ನ. ಏನೂ ಗೊತ್ತಿಲ್ಲ ಅಂದಿದ್ದಕ್ಕೆ ಯಾಕೆ ಅಷ್ಟು ಖುಷಿಯಾಯ್ತು?"

"ಅಜ್ಜೀ, ಹಾಗೆಲ್ಲ ಕೇಳಬಾರದು."

"ಕೇಳು ಅಂದೆ."

ಕ್ಯಾರಲ್ ಕೆಂಪಾದಳು. ಲೋಟ ಕೆಳಗಿಟ್ಟು ನಿಜ ಹೇಳಿದಳು. ಬರುವ ವರ್ಷ ಅವರ ಊರು ಕಟ್ಟಿದ ನೆನಪಿನ ದೊಡ್ಡ ಹಬ್ಬ. ಪ್ರತಿಮೆಯ ಕೆಳಗೆ ಹೊಸ ಕಲ್ಲು ಕೂರಿಸುತ್ತಾರೆ. ಅವನಿಗೆ ಇಲ್ಲಿ ಇನ್ನೊಂದು ಸಂಸಾರ ಇತ್ತು ಅಂತ ಸುದ್ದಿ ಎದ್ದರೆ ಮನೆಯವರಿಗೆಲ್ಲ ಮುಜುಗರ. ಅದಕ್ಕೇ ನೋಡಿಕೊಂಡು ಬಾ ಅಂತ ಇವಳನ್ನು ಕಳಿಸಿದ್ದಾರೆ. ನಮ್ಮ ಊರಿನಿಂದ ಯಾರಾದರೂ ಫೋನ್ ಮಾಡಿ ಕೇಳಿದರೆ ಈಗ ಹೇಳಿದ ಹಾಗೇ ಗೊತ್ತಿಲ್ಲ ಅಂದುಬಿಡಿ, ಇಬ್ಬರಿಗೂ ನೆಮ್ಮದಿ ಅಂದಳು.

ನೋಡಿದಿರಾ. ಸುಮ್ಮನೆ ಯಾರೂ ಬರುವುದಿಲ್ಲ. ಆದರೆ ಅನುಮಾನ ನಿಜವಾದದ್ದಕ್ಕೆ ಶಾಂತವ್ವನಿಗೆ ಸಂತೋಷವೇನೂ ಆಗಲಿಲ್ಲ. ಬೇಕಾದದ್ದೇ ಸಿಕ್ಕಿತ್ತು, ಅವಳೂ ಬಾಯಿ ಬಿಡುವುದಿಲ್ಲ, ಇವರೂ ಬಿಡುವುದಿಲ್ಲ. "ಆಗಲಿ ಅನ್ನು," ಅಂದರು.

ಅಷ್ಟರಲ್ಲಿ ಗೇಟು ಸದ್ದಾಯಿತು. ಬಂದವರು ಗುರುಬಸಪ್ಪ. ಹಾವನೂರು ಸರ್ಕಲ್ ಹತ್ತಿರ ಛತ್ರ ನೋಡೋಕೆ ಬಂದಿದ್ದೆ, ಹಾಗೇ ಬಂದೆ ಅಂದರು.

"ಬನ್ನಿ ಬನ್ನಿ. ಇವರು ರಕ್ಷಾ ಆಫೀಸಿನವರು," ಅಂತ ಶಾಂತವ್ವ ಒಂದು ಬಿಟ್ಟರು. ರಕ್ಷಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಕ್ಯಾರಲ್ ಕಣ್ಣು ಮಿಟುಕಿಸದೆ ಹೌದು ಹೌದು ಅಂದಳು. ಸುಳ್ಳಿಗೆ ಎಷ್ಟು ಬೇಗ ಒಗ್ಗಿದಳು ಅಂತ ಶಾಂತವ್ವ ಒಳಗೇ ಅಂದುಕೊಂಡು ಕಾಫಿ ತಂದರು.

ಗುರುಬಸಪ್ಪನಿಗೆ ಇಂಗ್ಲಿಷಿನ ಚಪಲ. ಊರು ಯಾವುದು, ವಂಶ ಯಾವುದು ಅಂತ ಅವಳನ್ನೂ ಬಿಡಲಿಲ್ಲ. ಕ್ಯಾರಲ್ ಫೋನಿನಲ್ಲಿ ಪ್ರತಿಮೆಯನ್ನೂ ಹೊಸ ಕಲ್ಲಿನ ನಕ್ಷೆಯನ್ನೂ ತೋರಿಸಿದಳು. ಗಡ್ಡದ ಗಂಡಸು, ಕೈಯಲ್ಲಿ ಎತ್ತಿನ ಹಗ್ಗ. ಗುರುಬಸಪ್ಪ ಕನ್ನಡಕ ಏರಿಸಿ, ಹೊಸ ಕಲ್ಲಿನ ಮೇಲೆ ಬರೆಯುವ ಸಾಲನ್ನು ಓದಿ, ಶಾಂತವ್ವನಿಗಾಗಿ ಕನ್ನಡದಲ್ಲೂ ಹೇಳಿದರು.

"'ತನ್ನವರು ಯಾರನ್ನೂ ದಾರಿಯಲ್ಲಿ ಬಿಟ್ಟು ಬಂದವನಲ್ಲ.' ಎಂಥಾ ಮಾತು ನೋಡ್ರಿ ಅಮ್ಮ. ವಂಶ ಅಂದ್ರೆ ಹೀಗಿರಬೇಕು."

ಶಾಂತವ್ವನಿಗೆ ತಡೆಯಲಾಗಲಿಲ್ಲ. ಬೆಂಗಳೂರಿನ ಐವತ್ತು ವರ್ಷ ನಾಲಿಗೆಯಿಂದ ಜಾರಿಹೋಯಿತು.

"ಸುಳ್ಳು," ಅಂದರು. "ಬಿಟ್ಟು ಹೋಗ್ಯಾನ. ನಮ್ಮ ಗುರವ್ವನ್ನ ಬಿಟ್ಟು ಹೋಗ್ಯಾನ. ತೊಟ್ಟಿಲದಾಗ ಕೂಸು ಬಿಟ್ಟು ಹೋಗ್ಯಾನ. ಆ ಕೂಸು ನೀಲವ್ವ, ನಮ್ಮ ಮುತ್ತಜ್ಜಿಯ ತಾಯಿ. ಅವಂದ ರಕ್ತ ನನ್ನ ಮೈಯಾಗೂ ಐತಿ, ರಕ್ಷಾನ ಮೈಯಾಗೂ ಐತಿ. ನಾವು ಅವನನ್ನ ಮುಚ್ಚಿಟ್ಟಿದ್ದು ಬ್ಯಾರೆ. ಇವರು ಗುರವ್ವನ್ನ ಮುಚ್ಚಿಡೋದು ಬ್ಯಾರೆ."

ಗುರುಬಸಪ್ಪ ಫೋನನ್ನು ಕ್ಯಾರಲ್ ಕೈಗೆ ಕೊಟ್ಟರು. ಅರ್ಧ ಕುಡಿದ ಕಾಫಿ ಟೀಪಾಯಿಯ ಮೇಲೆ ಇಟ್ಟರು.

"ಇದನ್ನ ಮೊದಲೇ ಹೇಳಬೇಕಿತ್ತು."

"ಹೇಳಿದ್ರೆ ನೀವು ಬರ್ತಿರ್ಲಿಲ್ಲ."

"ಮನೇಲಿ ಮಾತಾಡಿ ಹೇಳ್ತೀನಿ," ಅಂತ ಅವರು ಎದ್ದರು. ಹಾಗೆ ಹೇಳಿ ಹೋದವರು ಮತ್ತೆ ಫೋನ್ ಮಾಡುವುದಿಲ್ಲ ಅನ್ನುವುದು ಹೆಣ್ಣು ಹೆತ್ತ ಮನೆಗೆಲ್ಲ ಗೊತ್ತು.

ಶಾಂತವ್ವ ಕುರ್ಚಿಯಲ್ಲಿ ಕುಸಿದರು. ಯಾವಾಗಲೋ ಸತ್ತವಳೊಬ್ಬಳ ಮಾನಕ್ಕೆ ಬದುಕಿರುವ ಹುಡುಗಿಯ ಮದುವೆ ಮುರಿದೆನಲ್ಲ ಅಂತ ಸಂಕಟವಾಯಿತು. ರಕ್ಷಾಳ ಮುಖ ನೋಡಲು ಧೈರ್ಯ ಬರಲಿಲ್ಲ.

ಕ್ಯಾರಲ್ ಮೆಲ್ಲಗೆ ರಕ್ಷಾಳನ್ನು ಏನೋ ಕೇಳಿದಳು. ಅಜ್ಜಿ ಏನಂದರು ಅಂತಲೇ ಇರಬೇಕು. ಏನಿಲ್ಲ, ವಯಸ್ಸಾಗಿದೆ, ಏನೋ ಮಾತಾಡ್ತಾರೆ ಅಂತ ಈ ಹುಡುಗಿ ತೇಪೆ ಹಾಕಿಬಿಡಬಹುದಿತ್ತು. ಹಾಕಿದರೆ ಅವಳದ್ದೇನೂ ತಪ್ಪಿರಲಿಲ್ಲ.

ರಕ್ಷಾ ಕಣ್ಣೊರೆಸಿಕೊಂಡಳು. ಕ್ಯಾರಲ್‌ಗೆ ನೇರ ಮುಖಕೊಟ್ಟು ಕೂತು, ನಿಧಾನವಾಗಿ, ಒಂದೊಂದೇ ಮಾತು ಹೇಳತೊಡಗಿದಳು. ಶಾಂತವ್ವನಿಗೆ ಇಂಗ್ಲಿಷು ತಿಳಿಯಲಿಲ್ಲ. ಆದರೆ ನಡುವೆ ಗುರವ್ವ ಅಂದದ್ದು ಕೇಳಿಸಿತು. ನೀಲವ್ವ ಅಂದದ್ದು ಕೇಳಿಸಿತು. ಕ್ಯಾರಲ್ ಬಾಯಿಗೆ ಆ ಹೆಸರು ಸರಿಯಾಗಿ ಬರಲಿಲ್ಲ; ರಕ್ಷಾ ಬಿಡದೆ ಮತ್ತೊಮ್ಮೆ ಹೇಳಿಸಿದಳು.